ಕಟ್ಟಿಕೊಟ್ಟ ಬುತ್ತಿ, ಕನ್ನಡದ ಕಂಪ್ಯೂಟರು

ಎರಡು ಕೋರ್‌ನ ಪ್ರೊಸೆಸರ್, ನಾಲ್ಕು ಜಿಬಿ ರ‍್ಯಾಮ್. ಹತ್ತು ವರ್ಷದ ಹಿಂದೆ ಶಾಲೆಯ ಲ್ಯಾಬಿಗೆ ಬಂದು ಕೂತ ಸಾಮಾನ್ಯ ಕಂಪ್ಯೂಟರಿನ ಶಕ್ತಿ ಹೆಚ್ಚುಕಡಿಮೆ ಇಷ್ಟೇ. ಇಂಥ ಯಂತ್ರದಲ್ಲಿ ಫೈರ್‌ಫಾಕ್ಸ್ ಬ್ರೌಸರನ್ನು ಅದರ ಸೋರ್ಸ್ ಕೋಡಿನಿಂದಲೇ ಕಟ್ಟಲು ಹೊರಟರೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದರ ಬೆನ್ನಿಗೆ ಲಿಬ್ರೆಆಫೀಸನ್ನೂ ಕಟ್ಟಿ ಮುಗಿಸುವ ಹೊತ್ತಿಗೆ ಹಗಲು ಕಳೆದಿರುತ್ತದೆ. ನಡುವೆ ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿಯೂ ಕೈಕೊಟ್ಟರೆ ಅರ್ಧಕ್ಕೆ ನಿಂತದ್ದನ್ನು ಮತ್ತೆ ಶುರುಮಾಡಬೇಕು. ಅದೇ ಎರಡು ತಂತ್ರಾಂಶಗಳನ್ನು ಬೇರೆ ಯಾರೋ ಮೊದಲೇ ಕಟ್ಟಿ, ಪ್ಯಾಕೇಜ್ ಮಾಡಿ ಕೊಟ್ಟಿದ್ದರೆ ಪೆನ್‌ಡ್ರೈವ್‌ನಿಂದ ಕೆಲವೇ ನಿಮಿಷಗಳಲ್ಲಿ ಇನ್‌ಸ್ಟಾಲ್ ಆಗುತ್ತವೆ.

ಬೆಂಗಳೂರಿನ ಕಚೇರಿಯಲ್ಲಿ ಹೊಸ ಲ್ಯಾಪ್‌ಟಾಪ್, ವೇಗದ ಫೈಬರ್ ಸಂಪರ್ಕ ಇಟ್ಟುಕೊಂಡವರಿಗೆ ಈ ವ್ಯತ್ಯಾಸ ತಟ್ಟುವುದಿಲ್ಲ. ಸುರಪುರ ತಾಲ್ಲೂಕಿನ ದೇವಾಪುರದಂಥ ಊರಿನಿಂದ ನೋಡಿದರೆ ಮಾತೇ ಬೇರೆ. ಕೃಷ್ಣೆಯ ಬಯಲು, ನಾರಾಯಣಪುರ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ ಇರುವ ಸೀಮೆ ಇದು. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರೆಯಾಗಿ ಹುಟ್ಟಿದ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 51.83. ರಾಜ್ಯದಲ್ಲೇ ಅದು ಕಡೆಯ ಸ್ಥಾನ. ಇಲ್ಲಿನ ಮಕ್ಕಳಿಗೆ ಕಂಪ್ಯೂಟರ್ ಸಿಗುವುದೆಂದರೆ ಬಹುಪಾಲು ಶಾಲೆಯಲ್ಲೇ ಸಿಗಬೇಕು, ಅದೂ ನಲವತ್ತು ನಿಮಿಷದ ಒಂದು ಪಿರಿಯಡ್‌ನಲ್ಲಿ. ಆ ಪಿರಿಯಡ್ ಶುರುವಾಗುವಾಗ ಯಂತ್ರ ಸಿದ್ಧವಿರಬೇಕು. ಅದರಲ್ಲಿ ಬೇಕಾದ ತಂತ್ರಾಂಶ ಇರಬೇಕು, ಪರದೆಯ ಮೇಲೆ ಕನ್ನಡ ಇರಬೇಕು. ಇದು ಯಾರ ಕೆಲಸ, ಎಲ್ಲಿ ಆಗುತ್ತಿದೆ, ನಮ್ಮಲ್ಲಿ ಯಾಕೆ ನೆಲೆಯೂರಿಲ್ಲ ಎಂಬುದನ್ನು ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ರೋಗ್ರಾಮರ್ ಬರೆಯುವ ಕೋಡು ಮನುಷ್ಯ ಓದಬಹುದಾದ ಬರಹ. ಪ್ರೊಸೆಸರಿಗೆ ಅದು ನೇರವಾಗಿ ಅರ್ಥವಾಗದು. ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ ಆ ಬರಹವನ್ನು ಸಾಲು ಸಾಲಾಗಿ ಬಿಡಿಸಿ, ಪರೀಕ್ಷಿಸಿ, ವೇಗವಾಗಿ ಓಡುವಂತೆ ತಿದ್ದಿ, ಯಂತ್ರದ ಸೂಚನೆಗಳಾಗಿ ಮಾರ್ಪಡಿಸುತ್ತದೆ. ಸಮಯ ತಿನ್ನುವ ಕೆಲಸ ಇದೇ. ಒಮ್ಮೆ ಇದಾಯಿತೆಂದರೆ ಅದೇ ಬಗೆಯ ಪ್ರೊಸೆಸರ್ ಇರುವ ಲಕ್ಷಾಂತರ ಯಂತ್ರಗಳಿಗೆ ಅದೇ ಫಲಿತಾಂಶ ಸಾಕು. ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಮತ್ತೆ ಕಂಪೈಲ್ ಮಾಡುವ ಅಗತ್ಯವಿಲ್ಲ. ನಮ್ಮ ಕಡೆ ದೂರದ ಹೊಲಕ್ಕೋ ಜಾತ್ರೆಗೋ ಹೊರಟವರ ಕೈಗೆ ಮನೆಯಲ್ಲಿ ಬುತ್ತಿ ಕಟ್ಟಿ ಕೊಡುವಂತೆ ಇದು: ಒಲೆ ಉರಿಸುವ ಕೆಲಸ ಒಂದು ಕಡೆ, ಗಂಟು ಬಿಚ್ಚಿ ಉಣ್ಣುವುದು ಇನ್ನೊಂದು ಕಡೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನು ಹೀಗೆ ಕಟ್ಟಿಕೊಡುವ ಡೆಬಿಯನ್ನಿನ ಪ್ಯಾಕೇಜೊಂದನ್ನು ಬಿಚ್ಚಿ ನೋಡಿದರೆ ಒಳಗೆ ಎರಡು ಮುಖ್ಯ ಭಾಗ. ಒಂದರಲ್ಲಿ ಸಿದ್ಧವಾದ ಫೈಲುಗಳು. ಇನ್ನೊಂದರಲ್ಲಿ ಅದರ ಹೆಸರು, ಆವೃತ್ತಿ, ಇದು ಓಡಬೇಕಾದರೆ ಬೇರೆ ಯಾವ ಯಾವ ಪ್ಯಾಕೇಜುಗಳು ಜೊತೆಗಿರಬೇಕು ಎಂಬ ಪಟ್ಟಿ. ಈ ಪಟ್ಟಿಯೇ ನಿಜವಾದ ಜಾಣತನ. ಅದಿಲ್ಲದ ಕಾಲದಲ್ಲಿ ಒಂದು ತಂತ್ರಾಂಶ ಹಾಕಲು ಹೋಗಿ ಅದಕ್ಕೆ ಬೇಕಾದ ಇನ್ನೊಂದನ್ನು, ಅದಕ್ಕೂ ಬೇಕಾದ ಮತ್ತೊಂದನ್ನು ಹುಡುಕುತ್ತಾ ಜನ ಸುಸ್ತಾಗುತ್ತಿದ್ದರು.

1993ರ ಜುಲೈನಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್ ಆವೃತ್ತಿಯನ್ನು ಹೊರತಂದರು. ಮರುತಿಂಗಳೇ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು. 1996ರಲ್ಲಿ ಬಂದ ಡೆಬಿಯನ್ 1.1ರಲ್ಲಿ ಇದ್ದದ್ದು 474 ಪ್ಯಾಕೇಜ್. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ 64,419. ಇಷ್ಟನ್ನೂ ಕಟ್ಟಿ, ಪರೀಕ್ಷಿಸಿ, ಯಾವುದು ಯಾವುದರ ಮೇಲೆ ನಿಂತಿದೆಯೆಂದು ಲೆಕ್ಕ ಇಟ್ಟು ನಡೆಸುತ್ತಿರುವವರು ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕರು. ಸಂಬಳದ ಕಂಪನಿಯೊಂದು ಮೂರು ದಶಕ ಇಷ್ಟು ಶಿಸ್ತಿನಿಂದ ಮಾಡಿದ್ದರೆ ನಾವು ಅದರ ಸ್ಥಾಪಕರ ಜೀವನಚರಿತ್ರೆಗಳನ್ನು ಶಾಲೆಯಲ್ಲಿ ಓದಿಸುತ್ತಿದ್ದೆವು.

ಎಲ್ಲರೂ ಈ ದಾರಿ ಹಿಡಿಯಲಿಲ್ಲ. ಡೇನಿಯಲ್ ರಾಬಿನ್ಸ್ ಆರಂಭಿಸಿದ ಜೆಂಟೂ, 2002ರಲ್ಲಿ ತನ್ನ 1.0 ಆವೃತ್ತಿ ತಂದಾಗ ತದ್ವಿರುದ್ಧ ತತ್ವ ಸಾರಿತು. ನಿಮ್ಮ ಯಂತ್ರದ ಪ್ರೊಸೆಸರಿಗೆ ಹೊಂದುವಂತೆ, ನಿಮಗೆ ಬೇಕಾದ ಸೌಲಭ್ಯಗಳನ್ನಷ್ಟೇ ಆರಿಸಿ, ಎಲ್ಲವನ್ನೂ ನೀವೇ ಕಂಪೈಲ್ ಮಾಡಿಕೊಳ್ಳಿ ಎಂದಿತು. ಅದರಲ್ಲಿ ಕಲಿಯುವ ಸುಖವಿತ್ತು. ತನ್ನ ಕಂಪ್ಯೂಟರಿನ ಒಳಗನ್ನು ಹೀಗೆ ಬಿಡಿಸಿ ಕಟ್ಟಿ ಅರಿತವರ ಬಗ್ಗೆ ನನಗೆ ಗೌರವವಿದೆ. ಆದರೆ ಮೊದಲ ಇನ್‌ಸ್ಟಾಲ್‌ಗೆ ದಿನಗಟ್ಟಲೆ ಹಿಡಿಯುತ್ತಿತ್ತು ಎಂಬುದೂ ನಿಜ. ಅದಕ್ಕಾಗಿಯೇ ಆರಂಭದ ವರ್ಷಗಳಲ್ಲಿ ಜೆಂಟೂ ಕೂಡ ಸಿದ್ಧ ಪ್ಯಾಕೇಜುಗಳ ಸಿಡಿಯೊಂದನ್ನು ಕೊಟ್ಟು ನೋಡಿತ್ತು. ಕೊನೆಗೆ 2023ರ ಡಿಸೆಂಬರ್ 29ರಂದು ಜೆಂಟೂ ತನ್ನ ನಿಲುವನ್ನು ಹಿಗ್ಗಿಸಿತು. ಸಾಮಾನ್ಯ 64 ಬಿಟ್ ಮತ್ತು ಆರ್ಮ್ ಪ್ರೊಸೆಸರುಗಳಿಗೆ 20 ಜಿಬಿಗೂ ಹೆಚ್ಚು ಸಿದ್ಧ ಪ್ಯಾಕೇಜುಗಳನ್ನು ತನ್ನ ಸರ್ವರುಗಳಲ್ಲಿ ಇಟ್ಟಿತು. ಬೇಕಾದವರು ಈಗಲೂ ಕಂಪೈಲ್ ಮಾಡಿಕೊಳ್ಳಬಹುದು. ನಿಧಾನದ ಯಂತ್ರದವರು, ಅವಸರದವರು ಸಿದ್ಧವಾದುದನ್ನೇ ಇಳಿಸಿಕೊಳ್ಳಬಹುದು. ಒಂದೇ ಯಂತ್ರದಲ್ಲಿ ಎರಡನ್ನೂ ಬೆರೆಸಲೂಬಹುದು. ಸ್ವಂತ ಕೈಯಿಂದ ಕಟ್ಟುವುದನ್ನೇ ನಂಬಿ ಬಂದ ಸಮುದಾಯ ಇಪ್ಪತ್ತು ವರ್ಷಗಳ ಮೇಲೆ ಈ ತೀರ್ಮಾನಕ್ಕೆ ಬಂದದ್ದು ನನಗೆ ದೊಡ್ಡ ಸಂಗತಿ ಅನ್ನಿಸುತ್ತದೆ. ಕಲಿಕೆಯ ಬಾಗಿಲು ತೆರೆದಿಡಲು ಎಲ್ಲರನ್ನೂ ದಿನಗಟ್ಟಲೆ ಕಾಯಿಸಬೇಕಿಲ್ಲ ಎಂದು ಅವರು ಒಪ್ಪಿಕೊಂಡರು.

ನಮ್ಮ ದೇಶದಲ್ಲಿ ಈ ಬುತ್ತಿ ಮೊದಲು ಬಂದದ್ದು ಪತ್ರಿಕೆಗಳ ಜೊತೆಗೆ. ಇಂಟರ್‌ನೆಟ್ ಎಂದರೆ ದೂರವಾಣಿ ತಂತಿಯ ಮೂಲಕ ತೆವಳಿ ಬರುತ್ತಿದ್ದ ಕಾಲದಲ್ಲಿ, 1996ರಲ್ಲಿ, ‘ಪಿಸಿ ಕ್ವೆಸ್ಟ್’ ಪತ್ರಿಕೆ ಲಿನಕ್ಸ್ ಸಿಡಿಯನ್ನು ಸಂಚಿಕೆಯೊಂದಿಗೆ ಹಂಚಿತು. ಮುಂದೆ ಅದು ಪತ್ರಿಕೆಯ ತಂಡವೇ ಆರಿಸಿ ಜೋಡಿಸಿದ ‘ಪಿಸಿಕ್ಯು ಲಿನಕ್ಸ್’ ಆಯಿತು. ಅದರ ಹಿಂದಿನ ಮುಖ್ಯ ಪ್ರೇರಣೆ ಬೆಂಗಳೂರಿನ ಅತುಲ್ ಚಿಟ್ನಿಸ್ (1962–2013). 2001ರಲ್ಲಿ ಲಿನಕ್ಸ್ ಬೆಂಗಳೂರು ಸಮಾವೇಶ ಶುರುಮಾಡಿ, ಮುಂದೆ ಅದನ್ನು ‘ಫಾಸ್ ಡಾಟ್ ಇನ್’ ಆಗಿ ಬೆಳೆಸಿದವರೂ ಅವರೇ. 2003ರಲ್ಲಿ ಆರಂಭವಾದ ‘ಲಿನಕ್ಸ್ ಫಾರ್ ಯು’ ಕೂಡ ಸಿಡಿ ಲಗತ್ತಿಸಿಯೇ ಬರುತ್ತಿತ್ತು. ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನು ತಯಾರಿಸುವ ಕಂಪನಿಯಂತೂ ವಿಳಾಸ ಬರೆದವರ ಮನೆಗೆ ಉಚಿತವಾಗಿ ಸಿಡಿ ಅಂಚೆಯಲ್ಲಿ ಕಳಿಸುತ್ತಿತ್ತು. 2011ರಲ್ಲಿ ಅದು ನಿಂತಿತು. 2006ರ ಉಬುಂಟು 6.06ರಿಂದ ಒಂದೇ ಸಿಡಿಯಿಂದ ಕಂಪ್ಯೂಟರನ್ನು ಚಾಲೂ ಮಾಡಿ ನೋಡಬಹುದು, ಇಷ್ಟವಾದರೆ ಅಲ್ಲಿಂದಲೇ ಇನ್‌ಸ್ಟಾಲ್ ಮಾಡಬಹುದು ಎಂದಾಯಿತು. ಇಲ್ಲಿ ವೇಗದ ಇನ್ನೊಂದು ಮಜಲಿದೆ. ಪ್ಯಾಕೇಜುಗಳನ್ನು ಒಂದೊಂದಾಗಿ ಬಿಚ್ಚುವ ಕೆಲಸವನ್ನೂ ತಯಾರಕರೇ ಮುಗಿಸಿ, ಪೂರ್ತಿ ಸಜ್ಜಾದ ವ್ಯವಸ್ಥೆಯನ್ನು ಒತ್ತಿ ಕುಗ್ಗಿಸಿದ ಒಂದೇ ಇಮೇಜ್ ಆಗಿ ಕೊಡುತ್ತಾರೆ. ಇನ್‌ಸ್ಟಾಲ್ ಎಂದರೆ ಅದನ್ನು ಡಿಸ್ಕಿಗೆ ಹರವುವುದಷ್ಟೇ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ.

ಈಗ ಕನ್ನಡದ ಮಾತು. ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರಾದ ದೇವಪುರ ಯಾವುದು ಎಂಬ ಚರ್ಚೆ ಹಳೆಯದು. ಕಡೂರಿನ ದೇವನೂರು ಎನ್ನುವ ವಾದ ಹೆಚ್ಚು ಪ್ರಚಲಿತ. ಸುರಪುರ ಸೀಮೆಯ ಈ ದೇವಾಪುರವೇ ಎನ್ನುವವರೂ ಇದ್ದಾರೆ. ಆ ತೀರ್ಪು ಪಂಡಿತರಿಗಿರಲಿ. ದೇವಾಪುರದ ಹುಡುಗಿಯೊಬ್ಬಳು ಆ ಕವಿಯ ಹೆಸರನ್ನು ಕಂಪ್ಯೂಟರಿನಲ್ಲಿ ಬರೆಯಹೊರಟಾಗ ಏನಾಗಬೇಕು ನೋಡಿ. ‘ಕ್ಷ್ಮೀ’ ಎಂಬ ಒಂದು ಅಕ್ಷರಕ್ಕಾಗಿ ಕಂಪ್ಯೂಟರಿನ ನೆನಪಿನಲ್ಲಿ ಆರು ಸಂಕೇತಗಳು ಸಾಲಾಗಿ ಕೂರುತ್ತವೆ: ಕ, ವಿರಾಮ, ಷ, ವಿರಾಮ, ಮ, ದೀರ್ಘ ಈಕಾರ. ಇವನ್ನು ಒಂದರ ಕೆಳಗೊಂದು ಜೋಡಿಸಿ, ಗುಡಿಸನ್ನು ಸರಿಯಾದ ಜಾಗದಲ್ಲಿ ಏರಿಸಿ, ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣಿಸಲು ಒಳ್ಳೆಯ ಫಾಂಟು ಬೇಕು, ಅಕ್ಷರ ಜೋಡಿಸುವ ತಂತ್ರಾಂಶವೂ ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಹೆಸರು ಒಡೆದು ಬಿಡಿಬಿಡಿಯಾಗಿ ನಿಲ್ಲುತ್ತದೆ, ಇಲ್ಲವೇ ಖಾಲಿ ಚೌಕಗಳಾಗುತ್ತದೆ.

2011ರ ಫೆಬ್ರುವರಿಯಲ್ಲಿ ಡೆಬಿಯನ್ 6.0 ಬಂದಾಗ ಅದನ್ನು 70 ಭಾಷೆಗಳಲ್ಲಿ ಇನ್‌ಸ್ಟಾಲ್ ಮಾಡಬಹುದಿತ್ತು. ಹೊಸದಾಗಿ ಸೇರಿದವುಗಳಲ್ಲಿ ಕನ್ನಡವೂ ಒಂದು. ಆದರೆ ಕನ್ನಡ, ತೆಲುಗು, ಸಿಂಹಳ, ಲಾವೊ ಭಾಷೆಗಳು ಸೇರಿದ್ದು ಚಿತ್ರರೂಪದ ಇನ್‌ಸ್ಟಾಲರಿಗೆ ಮಾತ್ರ. ಅಕ್ಷರಗಳಷ್ಟೇ ಕಾಣುವ ಸರಳ ಕಪ್ಪು ಪರದೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಮನಾದ ಚೌಕ. ಒತ್ತಕ್ಷರಕ್ಕೆ ಅಲ್ಲಿ ಜಾಗವಿಲ್ಲ. ಆ ಅನುವಾದದ ಹಿಂದೆ ಕರ್ನಾಟಕದ ಮುಕ್ತ ತಂತ್ರಾಂಶದ ಸ್ವಯಂಸೇವಕರ ವರ್ಷಗಳ ದುಡಿಮೆಯಿದೆ. ಅವರ ಕೆಲಸ ನಾಡಿನಲ್ಲಿ ಸುದ್ದಿಯಾಗಲಿಲ್ಲ. ಆಗಬೇಕಿತ್ತು. ಕಂಪ್ಯೂಟರಿನ ಮೊದಲ ಪರದೆಯೇ ಕನ್ನಡದಲ್ಲಿ ಮಾತಾಡುವಂತೆ ಮಾಡಿದ ಸಾಧನೆ ಅದು.

ಕನ್ನಡದ ಉಳಿದ ಸಾಮಗ್ರಿಯೂ ಇಂದು ಸಿದ್ಧ ಪ್ಯಾಕೇಜುಗಳಾಗಿ ಇದೆ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲಿವೆ, ಲೋಹಿತ್ ಕನ್ನಡವಿದೆ. ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಜನರ ಬೆರಳಿಗೆ ಹತ್ತಿದ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲೇ ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಕೂತಿದೆ. ಮುದ್ರಿತ ಕನ್ನಡ ಪುಟವನ್ನು ಓದಿ ಪಠ್ಯವಾಗಿಸುವ ಟೆಸರಾಕ್ಟ್ ತಂತ್ರಾಂಶದ ಕನ್ನಡ ಭಾಗವೂ ಸಿಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ಇವು ಭಂಡಾರದಲ್ಲಿವೆ, ಆದರೆ ಸಾಮಾನ್ಯವಾಗಿ ಇಳಿಸಿಕೊಳ್ಳುವ ಉಬುಂಟು ಇಮೇಜಿನಲ್ಲಿ ಕನ್ನಡದ ಎಲ್ಲ ಭಾಗಗಳೂ ಬರುವುದಿಲ್ಲ. ಇನ್‌ಸ್ಟಾಲ್ ಆದ ಮೇಲೆ, ಭಾಷೆಯ ಬೆಂಬಲ ಅಪೂರ್ಣವಾಗಿದೆ, ನೆಟ್‌ನಿಂದ ತರಿಸಲೇ ಎಂದು ಯಂತ್ರ ಕೇಳುತ್ತದೆ. ನೆಟ್ ಇಲ್ಲದ ಲ್ಯಾಬಿನಲ್ಲಿ ಕನ್ನಡ ಅಲ್ಲಿಗೇ ನಿಲ್ಲುತ್ತದೆ. ‘ಆಮೇಲೆ ಹಾಕಿಕೊಳ್ಳಬಹುದು’ ಎಂಬ ವರ್ಗಕ್ಕೆ ಸೇರಿದ ಭಾಷೆ ಹಳ್ಳಿಯ ಶಾಲೆಯನ್ನು ತಲುಪುವುದು ಅಪರೂಪ.

ಹಾಗಾದರೆ ಇದನ್ನೆಲ್ಲ ಒಟ್ಟಿಗೆ ಕಟ್ಟಿ ಕೊಟ್ಟವರು ಯಾರೂ ಇಲ್ಲವೇ? ಇದ್ದಾರೆ. ಕಾಸರಗೋಡು, ಮಂಜೇಶ್ವರಗಳ ಕನ್ನಡ ಮಾಧ್ಯಮ ಶಾಲೆಗಳತ್ತ ನೋಡಿ. ಕೇರಳ ಸರ್ಕಾರ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುಮಾಡಿತು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಮೊದಲು ಡೆಬಿಯನ್, ಆಮೇಲೆ ಉಬುಂಟು ತಳಹದಿಯ ಮೇಲೆ ಅವರು ತಮ್ಮದೇ ಆವೃತ್ತಿಯನ್ನು ಕಟ್ಟುತ್ತ ಬಂದಿದ್ದಾರೆ. ಗಣಿತಕ್ಕೆ ಜಿಯೋಜಿಬ್ರಾ, ಚಿತ್ರಕ್ಕೆ ಜಿಂಪ್ ಮತ್ತು ಇಂಕ್‌ಸ್ಕೇಪ್, ಚಿಕ್ಕ ಮಕ್ಕಳಿಗೆ ಟಕ್ಸ್‌ಪೇಂಟ್, ಪ್ರೋಗ್ರಾಮಿಂಗ್ ಕಲಿಯಲು ಸ್ಕ್ರ್ಯಾಚ್, ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್: ಪಠ್ಯಕ್ರಮಕ್ಕೆ ಬೇಕಾದುದೆಲ್ಲ ಇಮೇಜಿನೊಳಗೇ ಇರುತ್ತದೆ. 2019ರಲ್ಲಿ ಉಬುಂಟು 18.04 ಆಧರಿಸಿದ ಆವೃತ್ತಿಯನ್ನು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗಾಗಿ ಬಿಡುಗಡೆ ಮಾಡಿದಾಗ, ಪರವಾನಗಿ ಶುಲ್ಕದ ಲೆಕ್ಕದಲ್ಲಿ ಉಳಿತಾಯ 3,000 ಕೋಟಿ ರೂಪಾಯಿ ಎಂದು ಕೈಟ್ ಹೇಳಿತು. ಸಾರ್ವಜನಿಕರೂ ಅದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು.

ನನ್ನ ಮಟ್ಟಿಗೆ ಹಣದ ಉಳಿತಾಯಕ್ಕಿಂತ ದೊಡ್ಡದು ಪುಸ್ತಕ ಮತ್ತು ಯಂತ್ರದ ಹೊಂದಾಣಿಕೆ. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ಪಠ್ಯಪುಸ್ತಕ ಅಲ್ಲಿ ಮಲಯಾಳಂ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕರಲ್ಲೂ ಅಚ್ಚಾಗುತ್ತದೆ. ಪುಸ್ತಕದ ಪಾಠ ಯಾವ ತಂತ್ರಾಂಶವನ್ನು ಹೆಸರಿಸುತ್ತದೋ ಅದು ಲ್ಯಾಬಿನ ಯಂತ್ರದಲ್ಲಿ ಇರುತ್ತದೆ, ಅದೇ ಆವೃತ್ತಿಯಲ್ಲಿ. ಶಿಕ್ಷಕರ ತರಬೇತಿಯೂ ಅದರ ಮೇಲೆಯೇ, ಪರೀಕ್ಷೆಯೂ ಅದರ ಮೇಲೆಯೇ. ಯಾವ ಯಂತ್ರ ಕೆಟ್ಟರೂ ಅದೇ ಇಮೇಜನ್ನು ಮತ್ತೆ ಹಾಕಿದರೆ ಮೊದಲಿನಂತೆ ಆಗುತ್ತದೆ. ಕನ್ನಡ ಮಕ್ಕಳಿಗೆ ಕನ್ನಡ ಪುಸ್ತಕದೊಂದಿಗೆ ಸಿದ್ಧ ಯಂತ್ರ ಸಿಗುತ್ತಿರುವುದು ಗಡಿಯಾಚೆ, ಇನ್ನೊಂದು ಭಾಷೆಯ ಸರ್ಕಾರದ ಕೈಯಿಂದ. ಈ ಮಾತನ್ನು ನಾವು ಕೇರಳದ ಮೇಲಿನ ಮೆಚ್ಚುಗೆಯಿಂದಲೇ ಹೇಳಿಕೊಳ್ಳಬೇಕು, ನಮ್ಮ ಇಲಾಖೆಗೂ ಕೇಳಿಸುವಂತೆ ಹೇಳಬೇಕು.

ಕರ್ನಾಟಕದಲ್ಲಿ ಪ್ರಯತ್ನವೇ ಆಗಲಿಲ್ಲ ಎಂದಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮ ನಡೆಸಿತು. ಪ್ರೌಢಶಾಲಾ ಶಿಕ್ಷಕರು ಉಬುಂಟುವಿನಲ್ಲಿ ಕೆಲಸ ಕಲಿತರು. ಶಾಲೆಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲೇ ಸೇರಿಸಿದ ಉಬುಂಟು ಆವೃತ್ತಿಯನ್ನೂ ಆ ಸಂಸ್ಥೆ ‘ಕಲ್ಪವೃಕ್ಷ’ ಎಂಬ ಹೆಸರಿನಲ್ಲಿ ಸಿದ್ಧಪಡಿಸಿತು. ಶಿಕ್ಷಕರೇ ಬರೆದ ಪಾಠ ಸಾಮಗ್ರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದ ಹೆಸರಿನಲ್ಲಿ ಕನ್ನಡದಲ್ಲೂ ಬೆಳೆಯಿತು. ದಾರಿ ಸರಿಯಾಗಿತ್ತು. ಆದರೆ ಇಂಥ ಕೆಲಸ ಸರ್ಕಾರದ ಕಾಯಂ ಹೊಣೆಯಾಗದೆ ಯೋಜನೆಯೊಂದರ ಅವಧಿಗೆ ಕಟ್ಟಿಹಾಕಿಕೊಂಡರೆ ಉಳಿಯುವುದು ಕಷ್ಟ. ‘ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ’ ಎಂಬ ನಮ್ಮ ಗಾದೆ ಇಲ್ಲಿಗೆ ಅಕ್ಷರಶಃ ಸಲ್ಲುತ್ತದೆ. ಇಮೇಜಿಗೆ ಆಯುಸ್ಸಿದೆ. ಹೊಸ ಭದ್ರತಾ ತಿದ್ದುಪಡಿಗಳು ಬರುತ್ತವೆ, ಹಳೆಯ ಬ್ರೌಸರಿನಲ್ಲಿ ಜಾಲತಾಣಗಳು ತೆರೆಯುವುದನ್ನು ನಿಲ್ಲಿಸುತ್ತವೆ. ವರ್ಷ ವರ್ಷ ಕೂತು ಮರಳಿ ಕಟ್ಟುವ ತಂಡ ಬೇಕು.

ಕಟ್ಟುವವರ ಕೈ ಯಾವುದೆಂಬುದೂ ಮುಖ್ಯ. ಕಂಪ್ಯೂಟರ್ ಕೆಟ್ಟಾಗ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುವ ರೂಢಿ ನಮ್ಮ ಎಲ್ಲ ಊರಲ್ಲೂ ಇದೆ. ಅಂಗಡಿಯವರೂ ವೇಗಕ್ಕಾಗಿ ಎಲ್ಲ ತಂತ್ರಾಂಶ ಸೇರಿಸಿದ ಸಿದ್ಧ ಇಮೇಜನ್ನೇ ಹಾಕುತ್ತಾರೆ. ಘೋಸ್ಟ್ ಎಂಬ ತಂತ್ರಾಂಶದ ಕಾಲದಿಂದ ಆ ಹೆಸರೇ ಉಳಿದಿದೆ. ಪರವಾನಗಿ ಇಲ್ಲದ, ಬೀಗ ಮುರಿದ ವಿಂಡೋಸ್ ಆಗಿದ್ದರೆ ಅದರೊಳಗೆ ಬೇರೆ ಏನನ್ನು ಸೇರಿಸಿದ್ದಾರೆಂದು ಹಾಕಿದವರಿಗೂ ಗೊತ್ತಿರುವುದಿಲ್ಲ. ಮುಕ್ತ ತಂತ್ರಾಂಶದ ಭಂಡಾರಗಳಲ್ಲಿ ಪ್ಯಾಕೇಜುಗಳ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ, ದಾರಿಯಲ್ಲಿ ಯಾರಾದರೂ ತಿದ್ದಿದ್ದರೆ ಯಂತ್ರವೇ ನಿರಾಕರಿಸುತ್ತದೆ.

ಅಲ್ಲಿಯೂ ಅಪಾಯ ಪೂರ್ತಿ ತಪ್ಪಿಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಹಿಂಬಾಲಿಸಿ ಹೋಗಿ ಕಂಡದ್ದನ್ನು ಬಹಿರಂಗಪಡಿಸಿದರು. ಫೈಲು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಡೆಬಿಯನ್‌ನ ಪರೀಕ್ಷಾ ಹಂತದ ಪ್ಯಾಕೇಜುಗಳಿಗೆ ಅದು ಹೊಕ್ಕಿತ್ತು, ಜನಬಳಕೆಯ ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ. ಒಬ್ಬರು ಕಟ್ಟಿದ್ದನ್ನು ಲಕ್ಷ ಜನ ಬಳಸುವಾಗ ಒಂದು ಕಲಬೆರಕೆ ಲಕ್ಷ ಮನೆಗೆ ತಲುಪಬಹುದು. ಹಾಗಾಗಿಯೇ ಅದೇ ಸೋರ್ಸ್ ಕೋಡನ್ನು ಯಾರು ಎಲ್ಲಿ ಕಂಪೈಲ್ ಮಾಡಿದರೂ ಬೈಟಿಗೆ ಬೈಟು ಒಂದೇ ಫಲಿತಾಂಶ ಬರಬೇಕೆಂಬ ಪ್ರಯತ್ನವನ್ನು ಡೆಬಿಯನ್ 2013ರಿಂದ ನಡೆಸುತ್ತಿದೆ. ಹಾಗೆ ಬಂದರೆ ಸಿದ್ಧ ಪ್ಯಾಕೇಜನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ, ಬೇರೆಯವರು ಮರಳಿ ಕಟ್ಟಿ ಹೋಲಿಸಿ ನೋಡಬಹುದು. ಸರ್ಕಾರವೊಂದು ಶಾಲೆಗಳಿಗೆ ಇಮೇಜ್ ಕಟ್ಟುವುದಾದರೆ ಅದನ್ನು ಕಟ್ಟಿದ ವಿಧಾನವೂ ಹೀಗೇ ಎಲ್ಲರೆದುರು ತೆರೆದಿರಬೇಕು.

ದೇವಾಪುರದ ಮಟ್ಟದಲ್ಲಿ ಬೇಕಾದ ಸಲಕರಣೆ ಹೆಚ್ಚೇನಿಲ್ಲ. ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ, ಜನರ ಮಾತಿನ ಬಿಆರ್‌ಸಿ, ಈಗಾಗಲೇ ಇದೆ. ಡೆಬಿಯನ್‌ನ ಒಂದು ಆವೃತ್ತಿಯ ಸಿದ್ಧ ಪ್ಯಾಕೇಜುಗಳೆಲ್ಲವನ್ನೂ ಸುರಪುರದ ಬಿಆರ್‌ಸಿಯಲ್ಲಿ ಇಟ್ಟುಕೊಳ್ಳಲು ಒಂದು ಟಿಬಿಯ ಹಾರ್ಡ್‌ಡಿಸ್ಕ್ ಧಾರಾಳವಾಗಿ ಸಾಕು. ನೆಟ್ ಇಲ್ಲದ ಶಾಲೆಯ ಯಂತ್ರಕ್ಕೆ ತಿದ್ದುಪಡಿ ಹಾಕಲು ಎಪಿಟಿ ಆಫ್‌ಲೈನ್ ಎಂಬ ಸಾಧನವಿದೆ. ಭಾರತೀಯರೇ ಆದ ಡೆಬಿಯನ್ ಡೆವಲಪರ್ ರಿತೇಶ್ ರಾಜ್ ಸರಾಫ್ ಬರೆದದ್ದು. ಶಾಲೆಯ ಯಂತ್ರ ತನಗೆ ಏನೇನು ಬೇಕೆಂದು ಪಟ್ಟಿ ಬರೆದುಕೊಡುತ್ತದೆ. ಶಿಕ್ಷಕರು ಆ ಪಟ್ಟಿಯನ್ನು ಪೆನ್‌ಡ್ರೈವ್‌ನಲ್ಲಿ ನೆಟ್ ಇರುವ ಕಡೆ ಒಯ್ದು, ಪ್ಯಾಕೇಜುಗಳನ್ನು ತುಂಬಿಕೊಂಡು ಮರಳಿ ಬಂದು ಹಾಕಬಹುದು.

ಕೈಯಲ್ಲಿರುವ ಸಮಯ ಮಾತ್ರ ಕಡಿಮೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಕೇಳುವುದರಿಂದ ಹಳೆಯ ಲ್ಯಾಬಿನ ಬಹಳಷ್ಟು ಯಂತ್ರಗಳು ಹೊರಗುಳಿಯುತ್ತವೆ. ಅವನ್ನು ಗುಜರಿಗೆ ಹಾಕಬೇಕಿಲ್ಲ, ಲಿನಕ್ಸಿನಲ್ಲಿ ಇನ್ನೂ ಹಲವು ವರ್ಷ ಓಡುತ್ತವೆ. ಇನ್ನೂ ಹಳೆಯ 32 ಬಿಟ್ ಯಂತ್ರಗಳಿಗೆ ಡೆಬಿಯನ್ 13ರಿಂದ ಇನ್‌ಸ್ಟಾಲರೇ ಇಲ್ಲ. ಅವುಗಳಿಗೆ ಉಳಿದಿರುವುದು ಡೆಬಿಯನ್ 12. ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ. ಯಾದಗಿರಿಯ ಶಾಲೆಗಳಲ್ಲಿ ಯಾವ ಯಂತ್ರ ಯಾವ ಬಗೆಯದು ಎಂಬ ಪಟ್ಟಿಯನ್ನು ಇಲಾಖೆ ಈ ಶೈಕ್ಷಣಿಕ ವರ್ಷದಲ್ಲೇ ಮಾಡಿಸಬೇಕು. ಕಗಪ ಕೀಲಿಮಣೆ, ಗುಬ್ಬಿ, ನವಿಲು, ಜಿಯೋಜಿಬ್ರಾ, ಕನ್ನಡ ಲಿಬ್ರೆಆಫೀಸ್ ಸೇರಿದ ಮೊದಲ ಇಮೇಜು ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಬಿಆರ್‌ಸಿಗೆ ಬರಬೇಕು.